ಎದೆಪಟ್ಟಿ ಚೆನ್ನಾಗಿದೆ, ಅದರ ಆಪ್ ಬೇಡ

ಓಡುವಾಗ ಹೃದಯ ಬಡಿತ ಅಳೆಯುವ ಎದೆಪಟ್ಟಿಯೊಂದನ್ನು ಎಂಟು ತಿಂಗಳಿಂದ ಕಟ್ಟಿಕೊಳ್ಳುತ್ತಿದ್ದೇನೆ. ನನಗೆ 46 ವರ್ಷ. ಹತ್ತು ಕಿಲೋಮೀಟರ್ ಓಟದ ಸಮಯ ಮೂರು ವರ್ಷದಿಂದ ಅಲ್ಲೇ ಕೂತುಬಿಟ್ಟಿತ್ತು.

ಮೊದಲು ಕೈಯಲ್ಲಿರುವ ವಾಚನ್ನೇ ನಂಬಿದ್ದೆ. ಅದು ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಹರಿವಿನ ಏರಿಳಿತ ನೋಡುತ್ತದೆ. ಸುಮ್ನೆ ಕೂತಿದ್ದರೆ ಸರಿ. ಓಡಲು ಶುರು ಮಾಡಿದರೆ ಕೆಲವು ಸಲ ಹೆಜ್ಜೆಯನ್ನೇ ಬಡಿತ ಅಂತ ಎಣಿಸಿಬಿಡುತ್ತದೆ. ಮಗಳ ಜೊತೆ ಹರಟುತ್ತಾ ಓಡುತ್ತಿದ್ದವಳಿಗೆ 170 ತೋರಿಸಿತು! ನನ್ನ ಹೆಜ್ಜೆ ನಿಮಿಷಕ್ಕೆ ಹೆಚ್ಚುಕಮ್ಮಿ ಅಷ್ಟೇ. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಏರಿನಲ್ಲಿ ಬಡಿತ ಜಿಗಿದರೆ ಆಗಲೇ ಗೊತ್ತಾಗುತ್ತದೆ.

ತಕರಾರು ಇರುವುದು ಜೊತೆಗೆ ಬರುವ ಆಪ್ ಬಗ್ಗೆ. 220ರಲ್ಲಿ ವಯಸ್ಸು ಕಳೆದು, ನನ್ನ ಗರಿಷ್ಠ ಬಡಿತ 174 ಅಂತ ಅದೇ ತೀರ್ಮಾನಿಸಿತು. ಅದು ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಆಚೀಚೆ ಆಗುವುದು ಮಾಮೂಲು. 2001ರಲ್ಲಿ ಬಂದ ತನಾಕ ಸೂತ್ರ (208ರಲ್ಲಿ ವಯಸ್ಸಿನ 0.7 ಪಟ್ಟು ಕಳೆಯುವುದು) ಹಾಕಿದರೂ 176. ಏರಿನಲ್ಲಿ ಮೂರು ಸಲ ಉಸಿರು ಕಟ್ಟುವಷ್ಟು ಓಡಿದ ದಿನ ನನಗೆ ಕಂಡದ್ದು 188. (ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಈ ಸಾಹಸ ಮಾಡಬೇಡಿ.) ಬೆಳಿಗ್ಗೆ ಎದ್ದಾಗಿನ ಬಡಿತ 58. ಎರಡರ ನಡುವಿನ ಅಂತರದ ಶೇ 60ನ್ನು 58ಕ್ಕೆ ಸೇರಿಸಿದರೆ 136, ನನ್ನ ಹಗುರ ಓಟದ ಮಿತಿ. ಆಪ್ ಲೆಕ್ಕದಲ್ಲಿ 128. ಅಷ್ಟಕ್ಕೇ ನಿಲ್ಲಬೇಕೆಂದರೆ ನಾನು ನಡೆಯಬೇಕಿತ್ತು.

136 ಕೂಡ ಸುಲಭವಾಗಿರಲಿಲ್ಲ. ನನ್ನ 'ಹಗುರ' ಓಟವೆಲ್ಲ 155ರ ಮೇಲೆ ಇತ್ತು ಅಂತ ಪಟ್ಟಿ ಕಟ್ಟಿದ ಮೇಲೆಯೇ ತಿಳಿದದ್ದು. ದೂರದ ಓಟದ ಘಟಾನುಘಟಿಗಳು ಹತ್ತರಲ್ಲಿ ಸುಮಾರು ಎಂಟು ಸಲ ನಿಜವಾಗಿಯೂ ಹಗುರವಾಗಿ ಓಡುತ್ತಾರೆ ಅಂತ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ತೋರಿಸಿಕೊಟ್ಟಿದ್ದಾರೆ. ನಾನೋ, ಹಗುರವೂ ಅಲ್ಲದ, ಬಿರುಸೂ ಅಲ್ಲದ ನಡುವೆ ಸಿಕ್ಕಿಕೊಂಡಿದ್ದೆ. ವೇಗ ಇಳಿಸಿದಾಗ ವಾಕಿಂಗ್ ಮಾಡುವವರೂ ಹತ್ತಿರ ಹತ್ತಿರ ಬಂದರು. "ಅಮ್ಮಾ, ಇದು ಓಟಾನಾ?" ಅಂದಳು ಮಗಳು. ಆಗ 136ರ ಬಡಿತದಲ್ಲಿ ಕಿಲೋಮೀಟರಿಗೆ 7 ನಿಮಿಷ 40 ಸೆಕೆಂಡ್ ಬೇಕಿತ್ತು, ಈಗ 6 ನಿಮಿಷ 55 ಸಾಕು. ಹತ್ತು ಕಿಲೋಮೀಟರಿನಲ್ಲಿ ಎರಡು ನಿಮಿಷ ಉಳಿದಿದೆ.

ಸೆಕೆಯ ದಿನ ಮಾತ್ರ ಅಂಕಿಯನ್ನೇ ನೋಡುತ್ತಾ ಓಡಬೇಡಿ. ವೇಗ ಅಷ್ಟೇ ಇದ್ದರೂ ಬೆವರಿ ನೀರು ಕಮ್ಮಿಯಾದ ಹಾಗೆ ಬಡಿತ ಮೇಲೇರುತ್ತದೆ. ಆಗ ಪೂರ್ತಿ ವಾಕ್ಯ ಆಡಲು ಉಸಿರು ಸಾಲುತ್ತಾ ಅಂತ ನೋಡಿಕೊಳ್ಳುತ್ತೇನೆ.

ಕಟ್ಟುವ ಮುಂಚೆ ಪಟ್ಟಿಯ ಒಳಭಾಗ ಒದ್ದೆ ಮಾಡಲೇಬೇಕು, ಇಲ್ಲದಿದ್ದರೆ ಬೆವರು ಬರುವ ತನಕ ಸುಳ್ಳು ಲೆಕ್ಕ. ಬ್ರಾ ಅಂಚಿನಲ್ಲಿ ಉಜ್ಜಿ ಗಾಯ ಆಗುತ್ತದೆ, ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಸರಿ. ಎಲಾಸ್ಟಿಕ್ ಆಗಲೇ ಸಡಿಲ. ಪಟ್ಟಿ ಮಾತ್ರ ಬೇರೆ ಸಿಗುತ್ತದೆ, ತರಿಸಿದ್ದೇನೆ. ಸೆನ್ಸರ್ ವಾಚಿಗೇ ನೇರವಾಗಿ ಸೇರಿಕೊಳ್ಳುವುದರಿಂದ ಆಪ್ ಅಳಿಸಿಹಾಕಿದೆ.