ಬೆಳಿಗ್ಗೆ ಏಳಕ್ಕೆ ಪಡು ಗುಡ್ಡೆಯಿಂದ ಹಾರಿಸ್ತೇವೆ ಅಂದರೆ ಹೋಗಬೇಡಿ

ಉಡುಪಿ, ಮಂಗಳೂರು ಕಡೆಯವರು ಯಾರಾದರೂ ಈ ಚಳಿಗಾಲದಲ್ಲಿ ಪ್ಯಾರಾಗ್ಲೈಡಿಂಗ್ ಕಲಿಯಲು ದುಡ್ಡು ಕಟ್ಟುವ ಯೋಚನೆಯಲ್ಲಿದ್ದರೆ ಮೊದಲು ಇದನ್ನು ಓದಿ. ನಾನು 24,000 ರೂಪಾಯಿ ಕಟ್ಟಿ ಏಳು ದಿನದ ಕೋರ್ಸಿಗೆ ಹೋದೆ. ಗಾಳಿಯಲ್ಲಿ ಇದ್ದದ್ದು ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ. ಈಗ ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದೇನೆ.

ಜಾಗ ಕಾರ್ಕಳದ ಆಚೆ ಒಂದು ಪದವು. ಪಡುವಣಕ್ಕೆ ಇಳಿಜಾರು, ಮುರಕಲ್ಲು, ಒಣಗಿದ ಮುಳಿಹುಲ್ಲು, ಕೆಳಗೆ ಕೊಯ್ಲು ಮುಗಿದ ಗದ್ದೆ. ನಾವು ಎಂಟು ಜನ. ಮೊದಲೆರಡು ದಿನ ಗದ್ದೆಯಲ್ಲೇ ಗ್ರೌಂಡ್ ಹ್ಯಾಂಡ್ಲಿಂಗ್, ಅಂದರೆ ನಮ್ಮನ್ನು ಹೊತ್ತು ಹಾರುವ ಬಟ್ಟೆಯ ರೆಕ್ಕೆಯನ್ನು, ಅಂದರೆ ವಿಂಗನ್ನು, ಗಾಳಿಪಟದ ಹಾಗೆ ತಲೆ ಮೇಲೆ ಎತ್ತಿ ನಿಲ್ಲಿಸುವುದು. ತೋಳು ಕಿತ್ತು ಬರುವಷ್ಟು ನೋವು. ಆದರೂ ಸುಳ್ಳು ಹೇಳಬಾರದು, ಖುಷಿಯಾಗಿತ್ತು. ಮೂರನೇ ದಿನ ಸಣ್ಣ ದಿಣ್ಣೆಯಿಂದ ಓಡಿದಾಗ ಕಾಲು ನೆಲ ಬಿಟ್ಟಿತು. ಸುಮಾರು ಹತ್ತು ಸೆಕೆಂಡು. ಮನೆಗೆ ಬಂದು ಅದನ್ನೇ ಅರ್ಧ ಗಂಟೆ ಹೇಳಿದೆ.

ಕೇಳುತ್ತ ಕೂತಿದ್ದವರಲ್ಲಿ ನನ್ನ ಸೋದರಮಾವನೂ ಇದ್ದರು. ಮಲ್ಪೆಯಲ್ಲಿ ಬೋಟಿಗೆ ಹೋಗಿ ಜೀವನ ಕಳೆದವರು.

"ಗುಡ್ಡೆ ಯಾವ ದಿಕ್ಕಿಗೆ ಉಂಟು?"

"ಪಡುವಿಗೆ ಮಾವ."

"ಹಾರುದು ಎಷ್ಟು ಗಂಟೆಗೆ?"

"ಏಳರಿಂದ ಹತ್ತರ ಒಳಗೆ."

"ಅಲ್ಲ ಮಾರಾಯ, ಬೆಳಿಗ್ಗೆ ಮೂಡಾಯಿ ಗಾಳಿ ಅಲ್ವಾ? ಗಾಳಿಗೆ ಬೆನ್ನು ಹಾಕಿ ಹಾರುದಾ ನೀವು?"

ನಾನು ನಕ್ಕುಬಿಟ್ಟೆ. ಕಲಿಸುವ ಸರ್‌ಗೆ ಗೊತ್ತಿರುವುದಿಲ್ವಾ ಅಂದುಕೊಂಡೆ.

ಮಾವ ಹೇಳಿದ್ದೇ ಸರಿ. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ಹಾಗಾಗಿ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ, ಅದೇ ಮೂಡಾಯಿ. ಬಿಸಿಲೇರಿ ನೆಲ ಕಾದ ಮೇಲೆ, ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೆ, ಅದು ತಿರುಗಿ ಕಡಲಿಂದ ಬರುವ ಪಡ್ಡಾಯಿ ಗಾಳಿಯಾಗುತ್ತದೆ. ಪಡು ಗುಡ್ಡೆಯಿಂದ ಹಾರಬೇಕಾದ್ದು ಆಮೇಲೆ.

ಯಾಕೆ ಅಂದರೆ, ವಿಂಗ್ ನಮ್ಮನ್ನು ಎತ್ತಬೇಕಾದರೆ ಅದಕ್ಕೆ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಗಾಳಿ ತಾಗಬೇಕು. ಎದುರಿನಿಂದ 10 ಕಿ.ಮೀ. ಗಾಳಿ ಇದ್ದರೆ ನಾವು 15ರಲ್ಲಿ ಓಡಿದರೆ ಸಾಕು. ಅದೇ ಗಾಳಿ ಹಿಂದಿನಿಂದ ಬಂದರೆ 35ರಲ್ಲಿ ಓಡಬೇಕು. ಮುರಕಲ್ಲಿನ ಮೇಲೆ, ವಿಂಗಿಗೆ ನಮ್ಮನ್ನು ಕಟ್ಟುವ ಹಾರ್ನೆಸ್ ಹೊತ್ತುಕೊಂಡು, ನಲವತ್ತೊಂದರ ವಯಸ್ಸಿನಲ್ಲಿ! ಇನ್ನೂ ಒಂದಿದೆ. ತೋಡಿನ ನೀರು ಕಲ್ಲು ದಾಟಿದ ಮೇಲೆ ಕಲ್ಲಿನ ಹಿಂದೆ ಸುಳಿ ತಿರುಗುತ್ತದಲ್ಲ, ಗುಡ್ಡೆ ದಾಟಿ ಬಂದ ಗಾಳಿಯೂ ಹಾಗೆಯೇ ಆಚೆ ಇಳಿಜಾರಿನಲ್ಲಿ ಸುತ್ತುತ್ತದೆ. ಇದಕ್ಕೆ ರೋಟರ್ ಅನ್ನುತ್ತಾರೆ. ನಾವು ನೇರ ಅದರೊಳಗೆ ಹಾರುತ್ತಿದ್ದೆವು.

ನಾಲ್ಕನೇ ದಿನ ಮಂಜು, ಸುಮ್ನೆ ಕೂತು ಬಂದೆವು. ಐದನೇ ದಿನ ಎಂಟೂವರೆಗೆ ನನ್ನ ಸರದಿ. ಗಾಳಿಯ ದಿಕ್ಕು ನೋಡಲು ಕೋಲಿಗೆ ಕಟ್ಟಿದ ಹಳದಿ ರಿಬ್ಬನ್ ಕಡಲ ಕಡೆ ಮುಖ ಮಾಡಿ ಪಟಪಟ ಹೊಡೆದುಕೊಳ್ಳುತ್ತಿತ್ತು. ತೋರಿಸಿದೆ. "ಸ್ವಲ್ಪ ಜೋರು ಓಡಿ, ಆಗ್ತದೆ" ಅಂದರು ಸರ್. ಓಡಿದೆ. ಕಾಲು ನೆಲ ಬಿಟ್ಟಿತು. ಮರುಕ್ಷಣವೇ ಬಲಬದಿಯ ವಿಂಗ್ ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡಿತು. ಮನೆಯ ಮಾಡಿನಷ್ಟು ಎತ್ತರದಿಂದ ಬಿದ್ದೆ. ಪಾದದ ಗಂಟಿನಲ್ಲಿ ಎಲುಬು ಬಿರುಕು ಬಿಟ್ಟಿದೆ, ಆರು ವಾರ ಕಾಲೂರುವಂತಿಲ್ಲ.

ಬಿದ್ದ ಮೇಲೆ ಹಾರ್ನೆಸ್ ಬಿಚ್ಚುವಾಗ ಇನ್ನೊಂದು ಗೊತ್ತಾಯಿತು. ಪಕ್ಕದಲ್ಲಿ ಕೆಂಪು ಹಿಡಿ ಇರುವ ಉಬ್ಬಿದ ಚೀಲ, ವಿಂಗ್ ಕೈಕೊಟ್ಟರೆ ಬಿಚ್ಚುವ ರಿಸರ್ವ್ ಪ್ಯಾರಾಚೂಟ್ ಇಡುವ ಜಾಗ. ಅದು ಹರಿದು ಬಾಯಿ ಬಿಟ್ಟಿತ್ತು. ಒಳಗೆ ಇದ್ದದ್ದು ಒಂದು ಬೈರಾಸು, ಮೈ ಒರೆಸುವ ಬಟ್ಟೆ. ಕೆಂಪು ಕರೆಯದು, ನೀಟಾಗಿ ಮಡಚಿ ತುರುಕಿದ್ದರು. ಅಷ್ಟು ಕಡಿಮೆ ಎತ್ತರದಲ್ಲಿ ನಿಜವಾದ ಪ್ಯಾರಾಚೂಟ್ ಇದ್ದಿದ್ದರೂ ಬಿಚ್ಚಿಕೊಳ್ಳುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಬೈರಾಸು? ವಿಂಗಿನ ಮೇಲೆ ಎಷ್ಟು ತೂಕದವರು ಹಾರಬಹುದು ಎಂದು ಬರೆದ ಲೇಬಲ್ ಇರುತ್ತದೆ. ನನ್ನದರಲ್ಲಿ 65ರಿಂದ 85 ಕೆ.ಜಿ. ಹಾರ್ನೆಸ್ ಲೆಕ್ಕ ಬಿಟ್ಟರೂ ನಾನೇ 88.

ಬೆಳಿಗ್ಗೆಯೇ ಯಾಕೆ ಹಾರಿಸುತ್ತಿದ್ದರು ಅನ್ನುವುದು ಜೊತೆಯವರೊಬ್ಬರಿಂದ ಗೊತ್ತಾಯಿತು. ಮಧ್ಯಾಹ್ನ ಮೇಲೆ ಸರ್‌ಗೆ ಬೀಚಿನಲ್ಲಿ ಪ್ಯಾರಾಸೇಲಿಂಗ್ ಡ್ಯೂಟಿ! ಹೆಸರು ಒಂದೇ ಥರ ಕೇಳಿಸುತ್ತದೆ, ಕೆಲಸ ಬೇರೆಯೇ. ಅಲ್ಲಿ ಬೋಟೋ ಜೀಪೋ ಹಗ್ಗ ಕಟ್ಟಿ ಎಳೆಯುತ್ತದೆ. ಹತ್ತು ವರ್ಷದ ಅನುಭವ ಅಂತ ಅವರು ಹೇಳಿಕೊಂಡದ್ದು ಬಹುಶಃ ಅದನ್ನೇ. ನಾನು ಕೇಳಲೇ ಇಲ್ಲ, ಅದು ನನ್ನ ತಪ್ಪು.

ದುಡ್ಡು ವಾಪಸ್ ಕೇಳಿದರೆ "ವೆದರ್ ನಮ್ಮ ಕೈಲಿಲ್ಲ" ಎಂದರು. ಇನ್ಶೂರೆನ್ಸ್ ಇಲ್ಲ. 2022ರಲ್ಲಿ ಕೇಂದ್ರ ಸರ್ಕಾರ ವಾಯು ಕ್ರೀಡಾ ನೀತಿ ತಂದಿದೆ, ಪ್ಯಾರಾಗ್ಲೈಡಿಂಗ್ ಕೂಡ ಅದರಲ್ಲಿ ಬರುತ್ತದೆ ಎಂದೆ. "ಅದೆಲ್ಲ ಹಿಮಾಚಲದವರಿಗೆ" ಅಂತ ಫೋನ್ ಇಟ್ಟರು.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅದೇ ಬ್ಯಾಚಿನಲ್ಲಿದ್ದವರು ಇದನ್ನು ಓದಿದರೆ ರಿಬ್ಬನ್ ಕಾಣುವ ವಿಡಿಯೋ ಕಳಿಸಿ, ನನಗೆ ಬೇಕು. ನಿನ್ನೆ ಅವರು ಮುಂದಿನ ಬ್ಯಾಚಿನ ಪೋಸ್ಟರ್ ಹಾಕಿದ್ದಾರೆ. ಫೀಸ್ ಎರಡು ಸಾವಿರ ಜಾಸ್ತಿ. ಟೈಮಿಂಗ್ ಬೆಳಿಗ್ಗೆ ಏಳರಿಂದ ಹತ್ತು.