ಕೆಂಪು, ಕಿತ್ತಳೆ, ನೀಲಿ: ಫ್ಲಿಪ್ಪರ್‌ಗೆ ಯಾವ ಕಾಯಿಲ್?

1990ರ ಆಸುಪಾಸಿನ ವಿಲಿಯಮ್ಸ್ ಪಿನ್‌ಬಾಲ್ ಮೆಷಿನ್ ರಿಪೇರಿಗೆ ಕೂತವರಿಗೆ ಮೊದಲ ಗೊಂದಲ ಇದೇ: ಚೆಂಡು ಹೊಡೆಯುವ ತೋಳಾದ ಫ್ಲಿಪ್ಪರ್‌ಗೆ ಯಾವ ಬಣ್ಣದ ಕಾಯಿಲ್ (ಅದನ್ನು ಎಳೆಯುವ ತಂತಿ ಸುರುಳಿ) ಹಾಕಬೇಕು? ಲೆಕ್ಕ ಸುಲಭ: ಕಾಯಿಲ್ ಒಳಗಿನ ಹೊಡೆಯುವ ಸುರುಳಿಯ ಓಮ್ ಕಡಿಮೆಯಾದಷ್ಟೂ ಏಟು ಜೋರು. ಕೆಂಪು (ಪಾರ್ಟ್ ನಂಬರ್ ಎಫ್‌ಎಲ್-11630) ಸುಮಾರು 4.7 ಓಮ್, ಕಿತ್ತಳೆ 15411 ಸುಮಾರು 4.2, ನೀಲಿ 11629 ಸುಮಾರು 4. ಉದ್ದದ ರ‍್ಯಾಂಪ್ ಹತ್ತಿಸಬೇಕಾದರೆ ನೀಲಿ ಸರಿ. ಕೆಂಪು ಇದ್ದ ಕಡೆ ಸುಮ್ನೆ ನೀಲಿ ಹಾಕಬೇಡಿ. ನಾನು ಹಾಕಿದ್ದೆ, ಎರಡೇ ದಿನಕ್ಕೆ ಪಕ್ಕದ ಪ್ಲಾಸ್ಟಿಕ್ ಚೂರಾಯಿತು! ಮ್ಯಾನ್ಯುಯಲ್‌ನಲ್ಲಿರುವ ನಂಬರೇ ನನ್ನ ಆಯ್ಕೆ.

ಅಂದಹಾಗೆ, ಫ್ಲಿಪ್ಪರ್ ಸೋತಿದೆ ಅಂದ್ರೆ ಕಾಯಿಲೇ ಹೋಗಿರಬೇಕಿಲ್ಲ. ಒಳಗಿನ ಪ್ಲಾಸ್ಟಿಕ್ ಕೊಳವೆ ಸವೆದು ಕಪ್ಪಾಗಿದೆಯಾ ನೋಡಿ. ಎಂಡ್ ಆಫ್ ಸ್ಟ್ರೋಕ್ ಸ್ವಿಚ್ಚನ್ನೂ ನೋಡಿ. ಹಳೇ ವೈರಿಂಗ್‌ನಲ್ಲಿ ಫ್ಲಿಪ್ಪರ್ ಮೇಲೇರಿದಾಗ ಈ ಸ್ವಿಚ್ ತೆರೆದುಕೊಂಡು ಹೊಡೆಯುವ ಸುರುಳಿಯ ಕರೆಂಟ್ ಕಡಿಯದಿದ್ದರೆ ಹೊಸ ಕಾಯಿಲೂ ಸುಟ್ಟುಹೋಗುತ್ತದೆ.