525 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂದ್ರು, ನಂಬಿ ಕೆಟ್ಟೆ

ಡಬ್ಬದ ಮೇಲೆ ಶನಿಗ್ರಹದ ಬಣ್ಣದ ಚಿತ್ರ, ಪಕ್ಕದಲ್ಲಿ ದಪ್ಪಕ್ಷರದಲ್ಲಿ '525 ಎಕ್ಸ್' ಅಂತ ಕಂಡರೆ ಆ ಟೆಲಿಸ್ಕೋಪನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ನಾನು ಬಿಟ್ಟು ಬರಲಿಲ್ಲ. 2024ರ ಡಿಸೆಂಬರ್‌ನಲ್ಲಿ 9,000 ರೂಪಾಯಿ ಕೊಟ್ಟು, ಬೆಂಗಳೂರಿನಿಂದ ಗೌರಿಬಿದನೂರಿಗೆ ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ.

ನಮ್ಮೂರಿಗೆ ಟೆಲಿಸ್ಕೋಪ್ ಹೊಸದಲ್ಲ. ಊರಾಚೆ ರೇಡಿಯೋ ಟೆಲಿಸ್ಕೋಪ್ ಇದೆ, ಬಯಲಲ್ಲಿ ಸಾಲುಸಾಲು ಆಂಟೆನಾ. ಅದಕ್ಕೆ ಕಣ್ಣಿಟ್ಟು ನೋಡೋಕಾಗಲ್ಲ ಅನ್ನೋದೇ ಏಳನೇ ಕ್ಲಾಸಿನ ನನ್ನ ಮಗಳ ಬೇಜಾರು. ಕಣ್ಣಿಟ್ಟು ನೋಡುವಂಥದ್ದೇ ಬೇಕು, ಫೋಟೋನೂ ತೆಗೀಬೇಕು ಅಂತ ಹಟ ಹಿಡಿದಳು. ಅಂಗಡಿಯವರೂ ತಾಳ ಹಾಕಿದರು: "ಫೋನ್ ಕ್ಲಿಪ್ ಫ್ರೀ ಸಾರ್, ನೆಬ್ಯುಲಾ ಫೋಟೋನೂ ಬರುತ್ತೆ." ನೆಬ್ಯುಲಾ ಅಂದರೆ ಬಾಹ್ಯಾಕಾಶದ ಅನಿಲ, ಧೂಳಿನ ಮೋಡ.

ಮೊದಲ ರಾತ್ರಿ ರೋಹಿಣಿ ನಕ್ಷತ್ರದ ಹತ್ತಿರ ಗುರು ಫಳಫಳ ಹೊಳೀತಿತ್ತು. 20 ಮಿಮೀ ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ಹಾಕಿದಾಗ, ಅಂದರೆ 35 ಪಟ್ಟಿನಲ್ಲಿ, ಗುರುವಿನ ಪಕ್ಕ ನಾಲ್ಕು ಚುಕ್ಕೆ ಸಾಲಾಗಿ ಕಂಡವು, ಅದರ ಚಂದ್ರರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. 525 ಪಟ್ಟು ನೋಡಬೇಕಲ್ವಾ! 4 ಮಿಮೀ ಐಪೀಸಿಗೆ ಬಾರ್ಲೋ ಲೆನ್ಸ್ ಸೇರಿಸಿದೆ, ಅದು ಐಪೀಸಿನ ಪಟ್ಟನ್ನು ಮೂರರಷ್ಟು ಹಿಗ್ಗಿಸುತ್ತೆ. ಗುರು ಹೋಗಿ ನೀರಲ್ಲಿ ನೆನೆದ ಅವಲಕ್ಕಿ ಥರ ಒಂದು ಬೂದು ಮುದ್ದೆ ಬಂತು. ಫೋಕಸ್ ತಿರುಗಿಸಲು ಬೆರಳು ಸೋಕಿದರೆ ಸಾಕು, ಸ್ಟ್ಯಾಂಡು ಗಡಗಡ. ನಡುಕ ನಿಲ್ಲುವಷ್ಟರಲ್ಲಿ ಗುರುವೇ ನಾಪತ್ತೆ. ಅಷ್ಟು ಪಟ್ಟಿನಲ್ಲಿ ಭೂಮಿ ತಿರುಗುವ ವೇಗಕ್ಕೆ ಗ್ರಹ ಹದಿನೈದಿಪ್ಪತ್ತು ಸೆಕೆಂಡಿನಲ್ಲಿ ಆಚೆ ಸರಿದುಬಿಡುತ್ತದೆ.

ಲೆಕ್ಕ ಆಮೇಲೆ ಗೊತ್ತಾಯಿತು. ಕೊಳವೆಯೊಳಗೆ ಬೆಳಕು ಕೂಡಿಸುವ ಕನ್ನಡಿ ಇದೆ. ಅದರ ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ, 700 ಮಿಮೀ. ಅದನ್ನು ಐಪೀಸಿನ 4ರಿಂದ ಭಾಗಿಸಿದರೆ 175, ಬಾರ್ಲೋದ ಮೂರರಿಂದ ಗುಣಿಸಿದರೆ 525. ಲೆಕ್ಕ ಸುಳ್ಳಲ್ಲ. ಆದರೆ ಕನ್ನಡಿಯ ಅಗಲ ಬರೀ 76 ಮಿಮೀ. ಕನ್ನಡಿ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು, ಇಲ್ಲಿ 150ರ ಸುಮಾರು, ಅದೇ ಕೊನೆ. ಪಾವು ಹಿಟ್ಟಲ್ಲಿ ಹತ್ತು ಜನಕ್ಕೆ ಮುದ್ದೆ ಮಾಡ್ತೀನಿ ಅಂದರೆ ಅಂಬಲಿ ಆಗುತ್ತೆ ಅಷ್ಟೇ. ಗೆಲಿಲಿಯೋ 1610ರಲ್ಲಿ ಇದೇ ನಾಲ್ಕು ಚಂದ್ರರನ್ನು ನೋಡಿದ್ದು ಸುಮಾರು 20 ಪಟ್ಟಿನಲ್ಲಿ.

ಫೋಟೋ ವಿಷಯ ಎರಡೇ ಮಾತು. ಫೋನ್ ಭಾರಕ್ಕೆ ಕೊಳವೆ ತಲೆ ಬಾಗಿಸಿತು. ಒರಾಯನ್ ನೆಬ್ಯುಲಾಗೆ ಹತ್ತು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ನಕ್ಷತ್ರಗಳೆಲ್ಲ ಗೀಟು. ನಕ್ಷತ್ರದ ಜೊತೆಗೇ ತಿರುಗುವ ಮೋಟರ್ ಸ್ಟ್ಯಾಂಡ್ ಬೇಕು, ಅದರ ಬೆಲೆ ನನ್ನ ಇಡೀ ಡಬ್ಬಕ್ಕಿಂತ ಜಾಸ್ತಿ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನಿರುತ್ತಿದ್ದೆ. ಡಬ್ಬದಲ್ಲಿ ನಾಕಾಣೆ ಅಗಲದ ಕಪ್ಪು ಗಾಜೊಂದಿತ್ತು, ಸೂರ್ಯನನ್ನು ನೋಡುವ ಫಿಲ್ಟರ್ ಅಂತೆ. ಐಪೀಸಿನ ಹಿಂಭಾಗಕ್ಕೆ ತಿರುಪುವುದು. ಸೂರ್ಯನ ಮೇಲೆ ಕಲೆಗಳು ಜಾಸ್ತಿ ಇದ್ದ ಕಾಲ ಅದು. ಭಾನುವಾರ ಬೆಳಿಗ್ಗೆ ತಾರಸಿಯಲ್ಲಿ ಮಗಳು ನೋಡಿದಳು, "ಅಜ್ಜೀ, ಬಾ ಬಾ" ಅಂತ ಮೆಟ್ಟಿಲ ಕಡೆ ಓಡಿದಳು. ಹಿಂದೆಯೇ 'ಚಟ್' ಅಂತ ಸದ್ದು. ಬಿಚ್ಚಿ ನೋಡಿದರೆ ಗಾಜು ಅಡ್ಡಲಾಗಿ ಸೀಳಿತ್ತು, ಕೈಗೆ ಸುಡುವಷ್ಟು ಬಿಸಿ. ಇಡೀ ಕನ್ನಡಿಯ ಬಿಸಿಲು ಬಂದು ಸೇರುವ ಜಾಗದಲ್ಲಿ ಆ ಗಾಜು ಕೂತಿರುತ್ತದೆ, ಒಡೆಯದೆ ಇನ್ನೇನು? ಅವಳ ಕಣ್ಣು ಅಲ್ಲೇ ಇದ್ದಿದ್ದರೆ ಅಂತ ಈಗಲೂ ಮೈ ಜುಂ ಅನ್ನುತ್ತೆ. ಅಂಥ ಗಾಜು ಸಿಕ್ಕರೆ ಸುತ್ತಿಗೆಯಲ್ಲಿ ಒಡೆದು ಬಿಸಾಕಿ. ಸೂರ್ಯನ ಫಿಲ್ಟರ್ ಇರಬೇಕಾದ್ದು ಕೊಳವೆಯ ಬಾಯಿಗೆ, ಬಿಸಿಲು ಒಳಗೆ ಹೋಗುವ ಮೊದಲೇ.

ಅಂಗಡಿಗೆ ಫೋನ್ ಮಾಡಿದೆ. "ಡಬ್ಬ ಓಪನ್ ಆದ ಮೇಲೆ ವಾಪಸ್ ಇಲ್ಲ ಸಾರ್." ಗಾಜಿನ ವಿಷಯ ಹೇಳಿದರೆ, ಇನ್ನೊಂದು ಫ್ರೀ ಕಳಿಸ್ತೀವಿ ಅಂದರು!

ಅದೇ ದುಡ್ಡಿಗೆ ಒಳ್ಳೆಯ 10x50 (10 ಪಟ್ಟು, 50 ಮಿಮೀ ಅಗಲದ ಲೆನ್ಸ್) ಬೈನಾಕ್ಯುಲರ್ ಬರುತ್ತಿತ್ತು. ಗೋಡೆಗೆ ಮೊಣಕೈ ಊರಿ ನೋಡಿದರೆ ಗುರುವಿನ ಚಂದ್ರರು, ಕೃತ್ತಿಕೆ, ಒರಾಯನ್ನಿನ ಮಸುಕು ಮೋಡ ಎಲ್ಲ ಕಾಣುತ್ತವೆ. ಟೆಲಿಸ್ಕೋಪೇ ಬೇಕು ಅಂದರೆ ಇನ್ನಷ್ಟು ದುಡ್ಡು ಕೂಡಿಟ್ಟು 6 ಇಂಚಿನ ಡಾಬ್ಸೋನಿಯನ್ ತಗೊಳ್ಳಿ. ನೆಲದ ಮೇಲೆ ಮರದ ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಕೂರುತ್ತದೆ, ನಡುಗಲ್ಲ. ನೆಬ್ಯುಲಾ ಫೋಟೋ ಅದರಲ್ಲೂ ಕಷ್ಟ, ಚಂದ್ರನದ್ದು ಫೋನಿನಲ್ಲೇ ಚೆನ್ನಾಗಿ ಬರುತ್ತೆ. ಅಂಗಡಿಯಲ್ಲಿ ಎಷ್ಟು ಪಟ್ಟು ಅಂತ ಕೇಳಲೇಬೇಡಿ. ಕನ್ನಡಿ ಎಷ್ಟಗಲ ಅಂತ ಕೇಳಿ, ಆಮೇಲೆ ಸ್ಟ್ಯಾಂಡಿಗೆ ಬೆರಳಲ್ಲಿ ಒಂದು ಸಲ ತಟ್ಟಿ ನೋಡಿ.